ಒಂಟಿ ಕೂದಲಿನ ಕುಂಚ

ಮಾರ್ಚ್ 3

ನನ್ನ ಮೊಂಡಿಗೆ,

ಅಮ್ಮ ತಲೆ ಸವರಿ ಕೊಡುವ ಒಂದು ಮುತ್ತು, ಅದರ ಹಿಂದೆಯೇ ಬೆನ್ನಿಗೊಂದು ಗುದ್ದು. ಮುತ್ತು ನೀನು ಕಾರ್ಡು ಬರೆದದ್ದಕ್ಕೆ, ಗುದ್ದು ವರ್ಷವಿಡೀ ಬರೆಯದೆ ಇದ್ದದ್ದಕ್ಕೆ. ಕಾರ್ಡು ಬಂದು ಬಹಳ ದಿನವಾಯಿತು, ಉತ್ತರ ತಡವಾದದ್ದು ನನ್ನದೇ ತಪ್ಪು. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿಗೇ ಜಗಳ ಬಂದು ಕೂತುಕೊಳ್ಳುತ್ತಿತ್ತು. ಹರಿದು ಹಾಕಿ ಎದ್ದುಬಿಡುತ್ತಿದ್ದೆ. ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಕಿತ್ತಾಡುತ್ತೇವೆ, ಅದಕ್ಕೇ ಕಾರ್ಡು ಎಂದು ಬರೆದಿದ್ದೀಯಲ್ಲ, ಅಷ್ಟರ ಮಟ್ಟಿಗೆ ನಿನಗೆ ಬುದ್ಧಿ ಬಂದಿದೆ. ನನಗೂ ಚೂರು ಬಂದಿದೆ ಎಂದು ತೋರಿಸಲು ಈ ಪತ್ರ.

"ಆ ಕಡೆಗೆ ಲೋಡು ಸಿಕ್ಕಿದ ದಿನ ಮನೆಗೆ ಬರ್ತೀನಿ. ಒಂದು ವಿಷಯ ಇದೆ, ಎದುರಿಗೇ ಹೇಳ್ಬೇಕು" ಎಂದಿದ್ದೀಯ. ಬಾ ತಾಯಿ. ಏನು ವಿಷಯ ಎಂದು ಈಗ ಕೇಳುವುದಿಲ್ಲ. ಕೇಳದೆ ಬಾಯಿ ಮುಚ್ಚಿಕೊಂಡಿರುವುದು ನನಗೆ ಎಷ್ಟು ಕಷ್ಟ ಎಂದು ನಿನಗೆ ಹೇಳಬೇಕಾಗಿಲ್ಲ. ನೀನು ಲಾರಿ ಓಡಿಸಲು ಹೊರಟ ದಿನ ಬಾಗಿಲಲ್ಲಿ ನಿಂತು "ಹೋಗು, ನಂಗೆ ಮಗಳೇ ಇರ್ಲಿಲ್ಲ ಅಂದ್ಕೋತೀನಿ" ಅಂದೆನಲ್ಲ, ಅದು ಹೊಟ್ಟೆಯ ಉರಿಗೆ ಬಾಯಿಗೆ ಬಂದ ಮಾತು. ನನ್ನ ನಂತರ ನನ್ನ ಮೈಕ್ರೋಸ್ಕೋಪಿನ ಮುಂದೆ ನೀನೇ ಕೂರುತ್ತೀಯ ಎಂದು ಆಸೆ ಕಟ್ಟಿಕೊಂಡಿದ್ದೆ. ಅದು ನನ್ನ ಆಸೆ, ನಿನ್ನದಲ್ಲ, ಅಷ್ಟೇ. ಬಂದು ಬಾಗಿಲು ಬಡಿ, ಸಾಕು. ಬಾಗಿಲು ಬಡಿಯುವ ಅಭ್ಯಾಸ ನಿನಗೆ ಯಾವತ್ತೂ ಇರಲಿಲ್ಲ, ಅದು ಬೇರೆ ಮಾತು.

ಮನೆ ಹಾಗೇ ಇದೆ. ಅಡುಗೆಮನೆಯ ಕಿಟಕಿ ಮಾತ್ರ ಗಾಳಿಗೆ ಬಡಿದುಕೊಂಡು ದೊಡ್ಡ ಗಾಜು ಪೂರ್ತಿ ಉದುರಿಹೋಯಿತು. ಗಾಜಿನವನು ಬಂದು ಅಳತೆ ತೆಗೆದುಕೊಂಡು ಹೋದವನು ನಾಪತ್ತೆ. ಮೊದಲು ಅಳತೆ ಬರೆದ ಚೀಟಿ ಕಳೆಯಿತಂತೆ, ಆಮೇಲೆ ಕೈ ಕುಯ್ದುಕೊಂಡನಂತೆ, ಈಗ ಹೆಂಡತಿಯ ತಮ್ಮನಿಗೆ ಏನೋ ಆಗಿದೆಯಂತೆ. ಅವನ ನೆವಗಳನ್ನೆಲ್ಲ ಕೂಡಿಟ್ಟರೆ ಒಂದು ಕಿಟಕಿ ಮುಚ್ಚಬಹುದು. ಸದ್ಯಕ್ಕೆ ನಿನ್ನ ಹಳೆಯ ನೀಲಿ ಹಾಸಿಗೆ ಬಟ್ಟೆಯನ್ನು ಕತ್ತರಿಸಿ ಪರದೆ ಮಾಡಿ ನೇತುಹಾಕಿದ್ದೇನೆ. ಮೀನಿನ ಚಿತ್ರ ಇತ್ತಲ್ಲ, ಅದೇ.

ಇನ್ನೊಂದು ಸುದ್ದಿ. ಮನೆಗೆ ಒಬ್ಬಳು ಬಂದಿದ್ದಾಳೆ. ನಮ್ಮ ನುಸಿ ಸಾಕಣೆ ಕೇಂದ್ರಕ್ಕೆ ಹೊಸದಾಗಿ ಸೇರಿದ ಹುಡುಗಿ, ನಿನ್ನದೇ ವಯಸ್ಸು. ಕೇಂದ್ರದ ಮೇಲಿನವರು, ನಮ್ಮ ಡಾಕ್ಟರಮ್ಮ, "ಬಾಡಿಗೆ ಮನೆ ಸಿಗೋವರೆಗೂ ನಿಮ್ಮಲ್ಲಿರಲಿ" ಅಂದರು. ಅವಳಿಗೆ ಹಿಂದೆಮುಂದೆ ಯಾರೂ ಇಲ್ಲ. ನಿನ್ನ ಕೋಣೆ ಕೊಟ್ಟಿದ್ದೇನೆ. ಮುಖ ಊದಿಸಿಕೊಳ್ಳಬೇಡ, ನೀನು ಬಂದ ದಿನ ಅವಳು ನನ್ನ ಜೊತೆ ಮಲಗುತ್ತಾಳೆ. ಅವಳನ್ನು ಮೊದಲ ಸಲ ನೋಡಿದಾಗ ನನ್ನ ಎದೆ ಧಸಕ್ಕೆಂದಿತು ಎಂದರೆ ನಗುತ್ತೀಯೇನೋ. ನಿನ್ನದೇ ಹಣೆ, ನಿನ್ನದೇ ಮೊಂಡು ಗಲ್ಲ. ಸ್ವಭಾವ ಮಾತ್ರ ಬೇರೆ. ಹೇಳಿದ್ದನ್ನು ಕೇಳುತ್ತಾಳೆ!

ಕೆಲಸದ ಮಾತೆತ್ತಿದರೆ "ಶುರುವಾಯ್ತು ನುಸಿ ಪುರಾಣ" ಅನ್ನುತ್ತೀಯ. ಅಂದರೂ ಹೇಳುವವಳೇ. ಕೇಂದ್ರದ ಒಳಕೋಣೆಯಲ್ಲಿ ನಮ್ಮ ಹಳೆಯ ಬೇಟೆನುಸಿಗಳು ಚೆನ್ನಾಗಿವೆ. ಬೀನ್ಸ್ ಎಲೆಯ ರಸ ಹೀರುವ ಕೆಂಪುನುಸಿಗಳನ್ನು ತಿಂದು ಗುಂಡಗಾಗಿ, ಎಲೆಯ ಅಡಿಗೆ ಮುತ್ತಿನಂಥ ಮೊಟ್ಟೆಗಳನ್ನಿಟ್ಟುಕೊಂಡು ಸುಖವಾಗಿವೆ. ಬೆಳೆಗೆ ಹತ್ತಿದ ಕೆಂಪುನುಸಿ ತಿನ್ನಲಿ ಎಂದು ಶೀಶೆಗೆ ತುಂಬಿ ಹಸಿರುಮನೆಗಳವರಿಗೆ ಕಳಿಸುತ್ತಲೇ ಇದ್ದೇವೆ. ಚಳಿಗಾಲದಲ್ಲಿ ಡಾಕ್ಟರಮ್ಮ ಹೊರಕೋಣೆಗೆ ಬೇರೆ ಜಾತಿಯ ಬೇಟೆನುಸಿ ತರಿಸಿದರು, ಬಿಸಿಲು ತಡೆಯುತ್ತವಂತೆ. ನಮ್ಮವಕ್ಕೆ ದಾಯಾದಿಗಳೇ. ಅದೇ ಬಣ್ಣ, ಅದೇ ನಡಿಗೆ. ಬೆನ್ನಿನ ಕೊನೆಯಲ್ಲಿರುವ ಒಂದು ಜೋಡಿ ಕೂದಲು ನಮ್ಮವಕ್ಕೆ ಗಿಡ್ಡ, ಅವಕ್ಕೆ ತುಸು ಉದ್ದ. ಅದನ್ನು ನೋಡಬೇಕಾದರೂ ಸಾಯಿಸಿ ಗಾಜಿನ ಪಟ್ಟಿಗೆ ಅಂಟಿಸಬೇಕು. ಅದಕ್ಕೇ ಕಟ್ಟುನಿಟ್ಟು: ಬೆಳಗ್ಗೆ ಮೊದಲು ಒಳಕೋಣೆಯ ಕೆಲಸ, ಆಮೇಲೆ ಹೊರಕೋಣೆ. ಹೊರಕೋಣೆಯ ಹೊಸ್ತಿಲು ದಾಟಿದವರು ಆ ದಿನ ಮತ್ತೆ ಒಳಗೆ ಹೋಗುವಂತಿಲ್ಲ. ಹುಡುಗಿಗೆ ಹೊರಕೋಣೆ ಕೊಟ್ಟಿದ್ದಾರೆ, ಒಳಕೋಣೆ ನನ್ನದೇ.

ನಿನ್ನ ಕೂದಲಿನ ಕುಂಚ ಸವೆಯುತ್ತ ಬಂದಿದೆ. ಬಣ್ಣದ ಕುಂಚದಲ್ಲಿ ಎತ್ತಿದರೆ ನುಸಿಯ ಕಾಲು ಮುರಿಯುತ್ತದೆ, ಕಡ್ಡಿಯ ತುದಿಗೆ ಅಂಟಿಸಿದ ಒಂದೇ ಒಂದು ಕೂದಲಾದರೆ ಅವು ತಾವೇ ಹತ್ತಿಕೊಳ್ಳುತ್ತವೆ. ನನ್ನ ಕೂದಲು ಬಿರುಸು. ನೀನು ತೊಟ್ಟಿಲಲ್ಲಿದ್ದಾಗಿನಿಂದ ನಿನ್ನ ಕೂದಲಲ್ಲೇ ಕೆಲಸ ಮಾಡಿದವಳು ನಾನು. ಬರುವಾಗ ತಲೆ ಬೋಳಿಸಿಕೊಂಡು ಬರಬೇಡ ಮಾರಾಯ್ತಿ.

ಹುಷಾರಾಗಿ ಗಾಡಿ ಓಡಿಸು. ನಿದ್ದೆಗೆಡಬೇಡ.

ನಿನ್ನ ಜಗಳಗಂಟಿ ಅಮ್ಮ


ಏಪ್ರಿಲ್ 9

ನನ್ನ ಮೊಂಡಿಗೆ,

ಈ ಸಲ ಮುತ್ತಿಲ್ಲ, ಗುದ್ದೇ. ಬರುತ್ತೇನೆ ಎಂದವಳು ಬರಲಿಲ್ಲ, ಬರುವುದಿಲ್ಲ ಎಂದೂ ತಿಳಿಸಲಿಲ್ಲ. ಬೀದಿಯಲ್ಲಿ ದೊಡ್ಡ ಗಾಡಿಯ ಸದ್ದಾದರೆ ಕೈಯಲ್ಲಿದ್ದುದನ್ನು ಬಿಟ್ಟು ಎದ್ದು ನಿಲ್ಲುತ್ತಿದ್ದೆ. ಈಗ ಏಳುವುದನ್ನು ಬಿಟ್ಟಿದ್ದೇನೆ, ಮಂಡಿ ನೋವು. ಪತ್ರ ತಡವಾಯಿತು, ಕೋಪಿಸಿಕೊಳ್ಳಬೇಡ. ಇಲ್ಲಿ ಕೆಲಸದಲ್ಲಿ ಏನೋ ಸರಿಯಿಲ್ಲ. ಹೇಳಿಕೊಳ್ಳಲು ನಿನ್ನನ್ನು ಬಿಟ್ಟರೆ ಯಾರಿದ್ದಾರೆ?

ಮೊದಲು ಹುಡುಗಿಯ ಸುದ್ದಿ ಹೇಳಿಬಿಡುತ್ತೇನೆ. ಇಲ್ಲೇ ಹುಟ್ಟಿ ಬೆಳೆದವಳ ಹಾಗೆ ಹೊಂದಿಕೊಂಡಿದ್ದಾಳೆ. ಮೂಲೆಯಂಗಡಿಯವರು "ಅಂತೂ ಮಗಳು ಬಂದ್ಲಲ್ಲಾ!" ಅಂದರು. "ಅಲ್ಲ ಕಣ್ರೀ, ಇವಳು ಬೇರೆ" ಅಂದೆ. ಪಕ್ಕದ ಮನೆಯ ದರ್ಜಿ ಕೇಳಿದಾಗಲೂ ಹೇಳಿದೆ. ಆಮೇಲೆ ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿ ಸುಮ್ಮನೆ ನಕ್ಕೆ. ಅವಳೇ "ಮಗಳು ಅಂತಲೇ ಅಂದ್ಬಿಡಿ ಅಮ್ಮಾ, ನನಗೇನೂ ಬೇಜಾರಿಲ್ಲ" ಅಂದಳು.

ಒಂದು ವಿಷಯ ಮಾತ್ರ ನನ್ನನ್ನು ಕಾಡುತ್ತಿದೆ. ಮಹಡಿಯ ಮೆಟ್ಟಿಲಲ್ಲಿ ಕಿರುಗುಟ್ಟುವ ಮೆಟ್ಟಿಲು ಇದೆಯಲ್ಲ, ನೀನು ಯಾವಾಗಲೂ ಅದನ್ನು ಬಿಟ್ಟು ಹಾರಿ ಇಳಿಯುತ್ತಿದ್ದೆ. ಇವಳೂ ಹಾಗೇ ಇಳಿಯುತ್ತಾಳೆ. ಬಂದ ಎರಡನೇ ದಿನದಿಂದಲೇ. "ಯಾರು ಹೇಳಿಕೊಟ್ರೇ ನಿಂಗೆ?" ಅಂದೆ. "ಏನನ್ನಮ್ಮಾ?" ಅಂದಳು. ಅವಳಿಗೆ ತಾನು ಹಾರುವುದೇ ಗೊತ್ತಿಲ್ಲ. ದರ್ಜಿಯ ಬೆಕ್ಕು ನಿನ್ನನ್ನು ಬಿಟ್ಟು ಯಾರ ಮಡಿಲಿಗೂ ಹತ್ತುತ್ತಿರಲಿಲ್ಲ, ಈಗ ಅವಳ ಮಡಿಲಲ್ಲಿ ಬಿದ್ದುಕೊಂಡು ಗೊರಗೊರ ಅನ್ನುತ್ತದೆ. ಮೊನ್ನೆ ಅಡುಗೆಮನೆಯಿಂದ ನಾನು ಯೋಚನೆಯಿಲ್ಲದೆ "ಏ ಮೊಂಡೀ" ಎಂದು ಕೂಗಿಬಿಟ್ಟೆ. ಮೇಲಿನಿಂದ "ಬಂದೇ" ಎಂದು ಉತ್ತರ ಬಂತು. ಸೌಟು ಕೈಯಲ್ಲಿ ಹಿಡಿದು ಹಾಗೇ ನಿಂತೆ.

ಅವಳ ಬಗ್ಗೆ ಕೆಟ್ಟದು ಹೇಳುತ್ತಿಲ್ಲ. ಒಳ್ಳೆಯ ಮಗು. ನಿನ್ನ ಕೂದಲಿನ ಕುಂಚ ಕೊನೆಗೂ ಮುರಿದುಹೋಯಿತು, ನಾನು ಮುಖ ಸಣ್ಣ ಮಾಡಿಕೊಂಡು ಕೂತಿದ್ದೆ. ಮಾರನೆಯ ಬೆಳಗ್ಗೆ ಅವಳು ತನ್ನ ಕೂದಲೊಂದನ್ನು ಕಿತ್ತು, ತನ್ನ ಮೇಜಿನ ಮೇಲೇ ಕಡ್ಡಿಗೆ ಅಂಟಿಸಿ ತಂದು ನನ್ನ ಕೈಗಿಟ್ಟಳು. "ನಿಮಗೇ ಮಾಡಿದ್ದು" ಅಂದಳು. ಹೊಸ ಕುಂಚವನ್ನು ಒಳಕೋಣೆಗೆ ಒಯ್ಯುವ ಮುಂಚೆ ಸ್ಪಿರಿಟ್ಟಿನಲ್ಲಿ ಅದ್ದಬೇಕು, ಅದ್ದಿದರೆ ಹಸಿ ಅಂಟು ಬಿಟ್ಟುಕೊಳ್ಳುತ್ತದೆ, ಅಷ್ಟು ಪ್ರೀತಿಯಿಂದ ಕೊಟ್ಟಿದ್ದಾಳೆ. ಉಫ್ ಎಂದು ಊದಿ ಒಳಗೆ ತೆಗೆದುಕೊಂಡು ಹೋದೆ. ಕೂದಲು ಎಷ್ಟು ನಯ ಅಂತೀಯ, ನಿನ್ನದೇ ಎನ್ನಬೇಕು.

ಈಗ ಒಳಕೋಣೆಯ ವಿಷಯ. ಮೊಟ್ಟೆಗಳು ಬರುತ್ತಿಲ್ಲ.

ರೋಗವಿಲ್ಲ. ಹಸಿವಿಲ್ಲ, ಎಲೆಯ ತುಂಬ ಕೆಂಪುನುಸಿಗಳಿವೆ. ಶಾಖ ಸರಿಯಾಗಿದೆ, ತೇವ ಸರಿಯಾಗಿದೆ. ಸತ್ತದ್ದು ಒಂದೂ ಕಾಣುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಲ್ಲೆಲ್ಲೂ ಜೋಡಿಗಳು, ಗಂಡು ಹೆಣ್ಣಿನ ಅಡಿಗೆ ತೂರಿಕೊಂಡು ಗಂಟೆಗಟ್ಟಲೆ ಮಿಸುಕದೆ ಇರುತ್ತವೆ. ಇಷ್ಟೊಂದು ಜೋಡಿ ನಾನು ಯಾವತ್ತೂ ನೋಡಿಲ್ಲ. ಮೊದಮೊದಲು ಖುಷಿಪಟ್ಟೆ. ಆದರೆ ಹೆಣ್ಣುಗಳ ಹೊಟ್ಟೆ ಚಪ್ಪಟೆಯಾಗಿಯೇ ಉಳಿಯುತ್ತದೆ. ಎಲೆಯ ನರದ ಸಂದಿಯಲ್ಲಿ ಅವು ಮೊಟ್ಟೆಯಿಡುವ ಜಾಗವಿದೆಯಲ್ಲ, ಅಲ್ಲಿಗೆ ಹೋಗಿ ಸುಮ್ಮನೆ ನಿಲ್ಲುತ್ತವೆ. ಸ್ವಲ್ಪ ಹೊತ್ತು ನಿಂತು ವಾಪಸು ಬರುತ್ತವೆ. ಮತ್ತೆ ಹೋಗುತ್ತವೆ. ಏನೋ ಇಟ್ಟು ಮರೆತವರು ಹುಡುಕಿದ ಹಾಗೆ. ಮದುವೆ ಮನೆಯ ಸಂಭ್ರಮವಿದೆ, ತೊಟ್ಟಿಲೆಲ್ಲ ಖಾಲಿ. ಆ ಕೋಣೆಯಲ್ಲಿ ಒಬ್ಬಳೇ ಕೂತಿರಲು ನನಗೆ ಭಯವಾಗುತ್ತಿದೆ ಮಗಳೇ. ಇಷ್ಟು ವರ್ಷದಲ್ಲಿ ಹೀಗೆ ಅನ್ನಿಸಿದ್ದಿಲ್ಲ.

ಡಾಕ್ಟರಮ್ಮನೂ ತಲೆ ಕೆಡಿಸಿಕೊಂಡಿದ್ದಾರೆ. "ಕಾಯೋಣ, ಎಳೆಯ ಹೆಣ್ಣುಗಳಿರ್ಬೇಕು" ಅಂದರು. ಅವರ ದನಿಯಲ್ಲೂ ಧೈರ್ಯವಿರಲಿಲ್ಲ.

ಇದೆಲ್ಲ ತಲೆಯಲ್ಲಿ ತುಂಬಿಕೊಂಡಿರುವುದಕ್ಕೋ ಏನೋ, ಕಳೆದ ವಾರ ಮನೆಯಲ್ಲೂ ಒಂದು ವಿಚಿತ್ರ ನಡೆಯಿತು. ಹೇಳಲೋ ಬೇಡವೋ ಎಂದುಕೊಂಡೆ. ಅಮ್ಮನಿಗೆ ಅರಳುಮರಳು ಎಂದು ಆಡಿಕೊಳ್ಳಬೇಡ.

ಮುಸ್ಸಂಜೆ. ಅಡುಗೆಮನೆಯ ದೀಪ ಹಾಕಿದ್ದೆ. ಹುಡುಗಿ ನಿನ್ನ ಸ್ಟೂಲಿನ ಮೇಲೆ ಕಿಟಕಿಗೆ ಎದುರಾಗಿ ಕೂತಿದ್ದಳು. ನಾನು ಅವಳ ಹಿಂದೆ ನಿಂತು ತಲೆ ಬಾಚುತ್ತಿದ್ದೆ. ಅವಳೇ ಕೇಳಿದಳು, "ನನಗೆ ಯಾರೂ ತಲೆ ಬಾಚಿಲ್ಲಮ್ಮಾ, ಒಂದು ಸಲ ಬಾಚಿ" ಅಂತ. ಹೇಗೆ ಇಲ್ಲ ಎನ್ನಲಿ? ಕತ್ತಿನ ಹಿಂದಿನ ಸಿಕ್ಕು ಬಿಡಿಸಬೇಕೆಂದು ತಲೆ ಬಗ್ಗಿಸಿ ಕೂರು ಅಂದೆ. ಪೂರ್ತಿ ಬಗ್ಗಿದಳು, ಕೂದಲೆಲ್ಲ ಮುಂದಕ್ಕೆ ಬಿದ್ದು ಮುಖ ಮುಚ್ಚಿತ್ತು. ನಾನು ಏನೋ ತಮಾಷೆ ಮಾಡುತ್ತಿದ್ದೆ, "ಮೊಂಡಿಯ ತಲೆಯಲ್ಲಿ ಸಿಕ್ಕೂ ಮೊಂಡೇ" ಅಂದೆ, ಅವಳು ಕೂದಲೊಳಗಿಂದ ಕಿಸಕ್ಕನೆ ನಕ್ಕಳು. ಹಾಗೇ ತಲೆ ಎತ್ತಿದೆ.

ಕತ್ತಲಾಗುತ್ತ ಬಂದರೆ ಆ ಕಿಟಕಿ ಕನ್ನಡಿಯಾಗುತ್ತದಲ್ಲ, ನೀನೂ ಆ ಸ್ಟೂಲಿನಲ್ಲಿ ಕೂತು ಅದರಲ್ಲೇ ಮುಖ ನೋಡಿಕೊಳ್ಳುತ್ತಿದ್ದೆ. ಅದರಲ್ಲಿ ಅವಳ ಮುಖವಿತ್ತು. ತಲೆ ಬಗ್ಗಿಸಿ ಕೂತವಳ ಮುಖ ಕಿಟಕಿಯಲ್ಲಿ ನೆಟ್ಟಗೆ ನನ್ನನ್ನೇ ನೋಡುತ್ತಿತ್ತು. ಕೂದಲು ಮುಖದ ಮೇಲಿರಲಿಲ್ಲ. ಕಣ್ಣು ರೆಪ್ಪೆ ಬಡಿಯಲಿಲ್ಲ. ನನ್ನ ಕೈಯ ಕೆಳಗೆ ಒಬ್ಬಳು, ಎದುರಿಗೆ ಒಬ್ಬಳು. ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣು ಕೀಲಿಸಿದರೆ ಹೀಗೇ ಆಗುವುದು ಎಂದು ನನಗೆ ನಾನೇ ಹೇಳಿಕೊಂಡು, ಕೈ ಚಾಚಿ ಪರದೆ ಎಳೆದುಬಿಟ್ಟೆ. ಪರದೆ ಒಮ್ಮೆ ಉಬ್ಬಿ ಇಳಿಯಿತು, ಅದರ ಆಚೆ ಯಾರೋ ಉಸಿರು ಬಿಟ್ಟಂತೆ.

"ಏನಾಯ್ತಮ್ಮಾ?" ಅಂದಳು ಹುಡುಗಿ. "ಏನಿಲ್ಲ, ಸೊಳ್ಳೆ" ಅಂದೆ. ಜಡೆ ಹಾಕಿ ಮುಗಿಸಿದೆ. ಜಡೆ ಸೊಟ್ಟಗಾಯಿತು.

ನೀನು ಇಲ್ಲಿದ್ದಿದ್ದರೆ ಕಿಸಿಕಿಸಿ ನಕ್ಕು ನನ್ನ ಭಯ ಬಿಡಿಸುತ್ತಿದ್ದೆ. ಬೇಗ ಬಾ. ಬಂದು ನಿನ್ನ ಕೋಣೆ, ನಿನ್ನ ಸ್ಟೂಲು, ನಿನ್ನ ಬೆಕ್ಕು ಎಲ್ಲ ವಸೂಲಿ ಮಾಡಿಕೋ. ನಿನಗೆ ಯಾವ ಹಾದಿಯಲ್ಲೂ ಕೆಡುಕಾಗದಿರಲಿ.

ನಿನ್ನ ಅಮ್ಮ


ಮೇ 21

ಮಗಳೇ,

ಈ ಪತ್ರ ನಿನ್ನ ಕೈಸೇರುತ್ತದೋ ಇಲ್ಲವೋ ಗೊತ್ತಿಲ್ಲ. ನಿನ್ನಿಂದ ಒಂದು ಸಾಲೂ ಇಲ್ಲದ್ದಕ್ಕೆ ಹೆದರಿ, ಮಾನ ಮರ್ಯಾದೆ ಬದಿಗಿಟ್ಟು ನಿನ್ನ ಡಿಪೋಗೆ ಫೋನು ಮಾಡಿದೆ. ಅಲ್ಲಿನ ಗುಮಾಸ್ತ, ಒಳ್ಳೆಯವನೇ ಪಾಪ, ತಡವರಿಸಿಕೊಂಡು ಹೇಳಿದ: "ಅವ್ರು ಚೆನ್ನಾಗಿದ್ದಾರೆ ಅಮ್ಮಾ. ಆದ್ರೆ ನಿಮ್ಮ ಕಡೆ ಲೋಡು ನಂಗೆ ಬೇಡವೇ ಬೇಡ ಅಂತ ಹೇಳಿಬಿಟ್ಟಿದ್ದಾರೆ. ಈಗ ರಜೆ ಹಾಕಿದ್ದಾರೆ. ಎಲ್ಲಿದ್ದಾರೆ ಅಂತ ಹೇಳ್ಬೇಡಿ ಅಂದಿದ್ದಾರೆ." ಪತ್ರ ಬಂದರೆ ಮುಟ್ಟಿಸುತ್ತೇನೆ ಎಂದ. ಅವನನ್ನು ನಂಬಿ ಬರೆಯುತ್ತಿದ್ದೇನೆ.

ನಾನೇನು ಮಾಡಿದೆನೇ? ಕೇಳುತ್ತಿದ್ದೇನೆ, ಹೇಳು. ಬಾ ಎಂದು ಬರೆದೆ. ತಪ್ಪಾಯಿತು ಎಂದು ಬರೆದೆ. ನಾನು ಯಾರಿಗೂ ಹಾಗೆ ಬರೆಯುವವಳಲ್ಲ, ನಿನಗೆ ಗೊತ್ತು. ಇಷ್ಟರ ಮೇಲೂ ನಿನಗೆ ನಮ್ಮ ಕಡೆಯ ರಸ್ತೆಯೇ ಬೇಡವಾಯಿತೇ? ನಿನ್ನ ಮೇಲೆ ಎಷ್ಟು ಸಿಟ್ಟಿದೆ ಎಂದರೆ, ಮೂರು ದಿನ ಪೆನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನ ಅಳು ಬಂತು, ಅದಕ್ಕೇ ಈ ಪತ್ರ.

ಒಳಕೋಣೆಯ ಕಥೆ ಮುಗಿಯಿತು. ಅದನ್ನೂ ಬರೆದುಬಿಡುತ್ತೇನೆ.

ಹೋದ ತಿಂಗಳ ಕೊನೆಗೆ ಮೊಟ್ಟೆಗಳು ಬರತೊಡಗಿದವು. ಒಂದೆರಡಲ್ಲ, ಎಲೆ ಎಲೆಯ ಅಡಿಯಲ್ಲೂ ಮುತ್ತು ಚೆಲ್ಲಿದ ಹಾಗೆ. ನಾನು ಕುಣಿಯುವುದೊಂದು ಬಾಕಿ. ಹುಡುಗಿಯನ್ನು ತಬ್ಬಿಕೊಂಡೆ. ಡಾಕ್ಟರಮ್ಮ ಎಲ್ಲರಿಗೂ ಚಹಾ ತರಿಸಿದರು. ಮರಿಗಳಾದವು, ಬೆಳೆದವು, ಕೋಣೆ ಮತ್ತೆ ತುಂಬಿತು. ಅದೇ ಬಣ್ಣ, ಅದೇ ನಡಿಗೆ, ಅದೇ ಹಸಿವು. ಶೀಶೆಗೆ ತುಂಬುವ ಮುಂಚೆ ಯಾವುದಕ್ಕೂ ಇರಲಿ ಎಂದು ಡಾಕ್ಟರಮ್ಮ ಒಂದನ್ನು ಗಾಜಿನ ಪಟ್ಟಿಗೆ ಅಂಟಿಸಿ ನೋಡಿದರು. ಇನ್ನೊಂದು ನೋಡಿದರು. ಆಮೇಲೆ ಎದ್ದು ನನ್ನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿದರು.

ಬೆನ್ನಿನ ಕೊನೆಯ ಕೂದಲು ಉದ್ದ. ಎಲ್ಲದರದೂ ಉದ್ದ. ಯಾವ ಟ್ರೇಯಿಂದ ತೆಗೆದರೂ ಉದ್ದ. ನಮ್ಮವು ಒಂದೂ ಸಿಗಲಿಲ್ಲ. ಹೆಣವಿಲ್ಲ, ಹೋರಾಟವಿಲ್ಲ, ಕಚ್ಚಿದ ಗುರುತಿಲ್ಲ. ನನ್ನ ಕಣ್ಣೆದುರೇ, ನಾನು ದಿನಾ ನೀರು ಹಾಕಿ ಎಲೆ ಬದಲಿಸುತ್ತಿದ್ದ ಕೋಣೆಯಲ್ಲೇ, ನಮ್ಮವರ ಜಾಗದಲ್ಲಿ ಬೇರೆಯವರು ಓಡಾಡುತ್ತಿದ್ದರು. ನಾನು ಅವನ್ನೇ ನಮ್ಮವೆಂದು ಮುದ್ದು ಮಾಡುತ್ತಿದ್ದೆ.

ಡಾಕ್ಟರಮ್ಮ ಬಿಡಿಸಿ ಹೇಳಿದರು. "ಹೊಡೆದಾಟ ಏನೂ ಇಲ್ಲ ಕಣಮ್ಮಾ. ಹೊಸ ಜಾತಿ ಗಂಡುಗಳಿಗೆ ಬೇರೆ ಹೆಣ್ಣು, ತನ್ನ ಹೆಣ್ಣು ಅನ್ನೋ ಭೇದ ಇಲ್ಲ, ಕಂಡವರ ಹಿಂದೆ ಹೋಗ್ತವೆ. ನಮ್ಮ ಹೆಣ್ಣುಗಳಿಗೂ ಅದು ಬೇರೆಯವರ ಗಂಡು ಅಂತ ಗೊತ್ತಾಗಲ್ಲ, ಸೇರಿಸ್ಕೊಳ್ತವೆ. ಆದ್ರೆ ಅದರಿಂದ ಮೊಟ್ಟೆ ಆಗಲ್ಲ. ಒಂದು ಸಲ ಕೂಡಿದ ಮೇಲೆ ಹೆಣ್ಣಿನ ಮೈಗೆ ಸಾಕು ಅನ್ಸಿಬಿಡತ್ತೆ. ಆಮೇಲೆ ತನ್ನದೇ ಗಂಡು ಬಂದು ಪಕ್ಕದಲ್ಲಿ ನಿಂತ್ರೂ ತಿರುಗಿ ನೋಡಲ್ಲ. ಹೊಸ ಜಾತಿ ಹೆಣ್ಣುಗಳು ಹಾಗಲ್ಲ, ನಮ್ಮ ಗಂಡನ್ನ ಹತ್ರಾನೇ ಸೇರಿಸಲ್ಲ. ಅವುಗಳ ಸಂಸಾರ ಬೆಳೀತು, ನಮ್ಮದು ನಿಂತು ಹೋಯ್ತು."

ಅವರು ಹೇಳಿದ್ದು ನಂಬಲಾಗಲಿಲ್ಲ. ಒಂದು ಮೂಲೆಯ ಟ್ರೇಯಲ್ಲಿ ಚಪ್ಪಟೆ ಹೊಟ್ಟೆಯ ಮುದಿ ಹೆಣ್ಣೊಂದು ಉಳಿದಿತ್ತು, ಆ ಹೊಟ್ಟೆಯಿಂದಲೇ ನಮ್ಮದೆಂದು ತಿಳಿದದ್ದು. ನಮ್ಮಿಂದ ಶೀಶೆ ಕೊಂಡಿದ್ದ ರೈತರೊಬ್ಬರ ಹಸಿರುಮನೆಯಲ್ಲಿ ನಮ್ಮ ಹಳೆಯ ಜಾತಿ ಒಂದಿಷ್ಟು ಬದುಕಿದೆ, ಅಲ್ಲಿಂದ ಗಂಡೊಂದನ್ನು ತರಿಸಿ ಅದರ ಎಲೆಯ ಮೇಲೆ ಬಿಟ್ಟರು. ನಾನೇ ಕಣ್ಣಿಟ್ಟು ಕೂತೆ. ಗಂಡು ಹತ್ತಿರ ಬಂತು. ಮುಂಗಾಲು ಚಾಚಿ ಅದರ ಬೆನ್ನು ಮುಟ್ಟಿತು. ಹೆಣ್ಣು ಅಲುಗಲಿಲ್ಲ. ಗಂಡು ಅಲ್ಲೇ ನಿಂತಿತು, ಮತ್ತೆ ಮುಟ್ಟಿತು, ಮತ್ತೆ ನಿಂತಿತು. ನಾನು "ನೋಡೇ, ನಿನ್ನವನೇ ಕಣೇ" ಎಂದು ಹುಚ್ಚಿಯ ಹಾಗೆ ಗಾಜಿನ ಮೇಲೆ ಪಿಸುಗುಡುತ್ತಿದ್ದೆ. ಆಮೇಲೆ ಗಂಡು ಹಿಂದೆ ತಿರುಗಿ ಎಲೆಯ ಅಂಚಿಗೆ ನಡೆದು ಹೋಯಿತು.

ಅವು ಒಳಗೆ ಬಂದದ್ದು ಹೇಗೆ ಎಂದು ಡಾಕ್ಟರಮ್ಮ ಕೇಳಿದಾಗ ನಾನು ಯೋಚನೆ ಮಾಡಬೇಕಾಗಲಿಲ್ಲ. ಕುಂಚ. ಹೊರಕೋಣೆಯ ಮೇಜಿನ ಮೇಲೆ ಅಂಟಿಸಿದ ಕುಂಚ, ಸ್ಪಿರಿಟ್ಟಿಗೆ ಅದ್ದದೆ ಉಫ್ ಎಂದು ಊದಿ ಒಳಗೆ ಒಯ್ದದ್ದು. ಹಾಗೇ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. "ನಾನು ಕೊಡಬಾರದಿತ್ತು ಅಮ್ಮಾ" ಅಂದಳು. ಅವಳ ತಪ್ಪೇನಿದೆ ಹೇಳು? ಅದ್ದಬೇಕಾದವಳು ನಾನು. ಒಳಕೋಣೆಗೆ ಬಿಸಿ ಹಬೆ ಹಾಯಿಸಿ ಖಾಲಿ ಮಾಡಿದ್ದಾರೆ. ರೈತರಿಂದ ತಂದ ಒಂದಿಷ್ಟರಿಂದ ಮತ್ತೆ ಶುರು ಮಾಡಬೇಕು. ಆಗುತ್ತದೋ ಇಲ್ಲವೋ.

ಇಷ್ಟೇ ಸುದ್ದಿ. ನಿನ್ನ ಸಿಟ್ಟು ನಿನಗಿರಲಿ, ನಿನ್ನ ಕಾರಣ ನಿನಗಿರಲಿ. ಎಲ್ಲಿದ್ದರೂ ಹೊಟ್ಟೆ ತುಂಬ ಉಣ್ಣು, ಕಣ್ಣು ತುಂಬ ನಿದ್ದೆ ಮಾಡು. ನಿನ್ನ ಜೊತೆಗಿರುವವರು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ. ನನ್ನ ಆಯುಸ್ಸಿನಲ್ಲಿ ಉಳಿದದ್ದು ನಿನಗೆ ಸೇರಲಿ. ಅಮ್ಮನ ಆಶೀರ್ವಾದಕ್ಕೆ ಡಿಪೋ ವಿಳಾಸ ಬೇಕಾಗಿಲ್ಲ, ಅದು ತಾನೇ ಹುಡುಕಿಕೊಂಡು ಬರುತ್ತದೆ.

ನಿನ್ನ ಅಮ್ಮ

ಮ.ವಿ.: ಲಕೋಟೆ ಅಂಟಿಸಿ ಆಗಿತ್ತು. ಮತ್ತೆ ಹರಿದು ಬರೆಯುತ್ತಿದ್ದೇನೆ.

ಈಗ ಸ್ವಲ್ಪ ಹೊತ್ತಿಗೆ ಮುಂಚೆ ಗಾಜಿನವನು ಬಂದ. ಅಂತೂ ಬಂದ. ನಾನು ರೇಗಿದೆ, "ಇಷ್ಟು ತಿಂಗಳು ನನ್ನ ಕಿಟಕಿ ಬಾಯಿ ಬಿಟ್ಕೊಂಡು ಕೂತಿದೆಯಲ್ಲಯ್ಯಾ" ಅಂತ. ಬಾಯಿಂದ ಆ ಮಾತು ಬಿದ್ದ ಮೇಲೆ ನನಗೇ ಕೇಳಿಸಿತು. ತಲೆ ಬಾಚಿದ ಆ ಸಂಜೆ ಕಿಟಕಿಗೆ ಗಾಜೇ ಇರಲಿಲ್ಲ.

ಅವನು ಗಾಜು ಕೂರಿಸುತ್ತ ತನ್ನ ನೆವ ಹೇಳುತ್ತಿದ್ದ. "ಒಂದಿನ ತಂದಿದ್ದೆ ಅಮ್ಮಾ, ಸುಳ್ಳಲ್ಲ. ಏಪ್ರಿಲ್ ಮೊದಲ ವಾರ, ಮುಸ್ಸಂಜೆ. ನಿಮ್ಮ ಬೀದಿ ಬಾಯಿಗೆ ಲಾರಿ ಅಡ್ಡ ನಿಂತಿತ್ತು, ಗಾಜು ಹೊತ್ಕೊಂಡು ದಾಟೋಕಾಗ್ಲಿಲ್ಲ. ಡ್ರೈವರ್ ಹೆಣ್ಣುಮಗಳು, ಇದೇ ಕಿಟಕಿ ಹತ್ರ ನಿಂತಿದ್ಲು. ನಿಮ್ಮನೆಯವ್ರೇ ಅಂದ್ಕೊಂಡು ಕಾದೆ. ನೀವು ಪರದೆ ಎಳೆದ್ರಿ. ಎಳೆದ ಮೇಲೂ ಬಹಳ ಹೊತ್ತು ಅಲ್ಲೇ ನಿಂತಿದ್ಲಮ್ಮಾ. ಆಮೇಲೆ ಹೋಗಿ ಗಾಡಿ ಹತ್ತಿ ಸ್ಟಿಯರಿಂಗ್ ಮೇಲೆ ತಲೆ ಇಟ್ಟು ಕೂತ್ಲು. ಬಸುರಿ ಹೆಂಗ್ಸು. ಅಂಥವ್ರಿಗೆ ಗಾಡಿ ತೆಗಿ ಅಂತ ಹೇಗೆ ಹೇಳ್ಲಿ? ವಾಪಸ್ ಹೋಗಿಬಿಟ್ಟೆ."

ಶಾಲೆಯಿಂದ ಬಂದರೂ ನೀನು ಬಾಗಿಲು ಬಡಿದವಳಲ್ಲ. ಅಮ್ಮ ಎಷ್ಟು ಹೊತ್ತಿಗೆ ತಲೆ ಎತ್ತಿ ನೋಡುತ್ತಾಳೆ ಎಂದು ಆ ಕಿಟಕಿಯ ಹೊರಗೆ ಸದ್ದಿಲ್ಲದೆ ನಿಲ್ಲುತ್ತಿದ್ದೆ. ಅವತ್ತು ತಲೆ ಎತ್ತಿದೆ ಮಗಳೇ. ನಿನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಅವಳನ್ನು ನಿನ್ನ ಹೆಸರಲ್ಲಿ ಕೂಗಿ, ಅವಳ ತಲೆ ಬಾಚುತ್ತ, ನೀನು ಅವಳ ನೆರಳು ಎಂದುಕೊಂಡೆ. ನಿನ್ನ ಹಾಸಿಗೆ ಬಟ್ಟೆಯನ್ನೇ ನಿನ್ನ ಮುಖಕ್ಕೆ ಎಳೆದೆ.

ಎದುರಿಗೇ ಹೇಳಬೇಕಾದ ವಿಷಯ ಏನೆಂದು ನನಗೆ ಗಾಜಿನವನು ಹೇಳಿದ.

ಕೂರಿಸಿದ ಗಾಜನ್ನು ಅವನ ಕೈಯಿಂದಲೇ ತೆಗೆಸಿದೆ. ತಲೆ ಕೆಟ್ಟಿದೆ ಎಂದುಕೊಂಡು ಹೋದ. ಪರದೆ ಬಿಚ್ಚಿ ಮಡಿಸಿಟ್ಟಿದ್ದೇನೆ, ಕೂಸಿಗೆ ಬೇಕಾಗುತ್ತದೆ. ಒಳಗಿನಿಂದ ಹುಡುಗಿ "ಅಮ್ಮಾ, ಊಟಕ್ಕೆ ಬನ್ನಿ" ಎಂದು ಕೂಗುತ್ತಿದ್ದಾಳೆ. ದನಿ ಕೇಳಿ ಈಗಲೂ ಒಂದು ಕ್ಷಣ ನೀನೇ ಅನ್ನಿಸಿತು. ನಾನು ಏಳಲಿಲ್ಲ. ಕಿಟಕಿಯ ಮುಂದೆ ಕೂತಿದ್ದೇನೆ. ನೀನು ಬಾಗಿಲು ಬಡಿಯಬೇಕಾಗಿಲ್ಲ.